ಗಾಲ್ವೇಗೆ ಹೋಗುವ ಬಸ್ಸು

ಕ್ಲೂನ್‌ಕೀಲ್, ಮೇಯೋ
೧೭ ನವೆಂಬರ್ ೨೦೨೪

ಪ್ರೀತಿಯ ತಂಗಿ ಐಲಿಶ್,

ನಾನು ಚೆನ್ನಾಗಿದ್ದೇನೆ, ಅಂದರೆ ಎದ್ದು ಓಡಾಡಿಕೊಂಡಿದ್ದೇನೆ. ನಿನ್ನ ಸೊಂಟ ಹೇಗಿದೆ? ಇನ್ನೂ ಸ್ವಲ್ಪ ಕಾಲ ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆಂದು ನಿನ್ನ ಮಗಳು ಫೋನಿನಲ್ಲಿ ತಿಳಿಸಿದಳು. ನೀನು ದಿನಾ ಹತ್ತುತ್ತಿದ್ದೀಯ ಎಂದೂ ಚಾಡಿ ಹೇಳಿದಳು. ಅವಳ ಮಾತು ಕೇಳು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸುಮ್ಮನೆ ಕೂರುವುದು ಹುಟ್ಟಿನಿಂದಲೇ ಬಂದಿಲ್ಲ, ಈಗಲಾದರೂ ಕಲಿ.

ನಿನ್ನ ಎರಡು ಪತ್ರಗಳೂ ಗಡಿಯಾರದ ಹಿಂದೆ ಹಾಗೇ ಇವೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ, ‘ಪ್ರೀತಿಯ ಐಲಿಶ್’ ಎಂದು ಬರೆದು ಚಹಾಕ್ಕೆ ನೀರಿಡಲು ಎದ್ದುಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ಭಾನುವಾರದ ಫೋನಿನಲ್ಲಿ ನಾವಿಬ್ಬರೂ ಮಳೆ, ಮಂಡಿನೋವು ಮಾತಾಡಿ ಇಟ್ಟುಬಿಡುತ್ತೇವೆ. ಇದು ಫೋನಿನಲ್ಲಿ ಹೇಳುವಂಥದ್ದಲ್ಲ.

ನಿನ್ನ ಭಾವನ ಮಣ್ಣಿಗೆ ಬರಲಾಗಲಿಲ್ಲವೆಂದು ಎರಡರಲ್ಲೂ ಬರೆದಿದ್ದೀಯ. ಅದನ್ನು ಮನಸ್ಸಿನಿಂದ ತೆಗೆದುಹಾಕು. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದವಳು ಹೇಗೆ ಬರಲು ಸಾಧ್ಯ? ಆದರೆ ನೀನು ಕೇಳಿದ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಬೇಕು. ಫಿಂಟನ್‌ನ ಶವಪೆಟ್ಟಿಗೆಗೆ ಮುಂದೆ ನಿಂತು ಹೆಗಲು ಕೊಟ್ಟವನು ಪಕ್ಕದ ಮನೆಯ ಡರ್ಮಟ್ ಎಂದು ಯಾರೋ ಹೇಳಿದರು, ಅದು ನಿಜವೇ ಎಂದು ಕೇಳಿದ್ದೀಯ. ನಿಜ. ಅದು ಹೇಗೆ ಆಯಿತೆಂದು ಮೊದಲಿನಿಂದ ಹೇಳುತ್ತೇನೆ.

ನಾಯಿಯ ಜಗಳ ನಿನಗೆ ಗೊತ್ತು. ಆದರೆ ಆಗ ನೀನು ಸಮುದ್ರದಾಚೆ ಕೋವೆಂಟ್ರಿಯಲ್ಲಿದ್ದೆ, ಪೂರ್ತಿ ಗೊತ್ತಿರಲಿಕ್ಕಿಲ್ಲ. ಫಿಂಟನ್ ಮತ್ತು ಡರ್ಮಟ್ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು, ಒಬ್ಬರ ಹುಲ್ಲನ್ನು ಇನ್ನೊಬ್ಬರು ಕೊಯ್ದುಕೊಟ್ಟವರು. ಕುರಿಗಳು ಮರಿ ಹಾಕುವ ಕಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಡರ್ಮಟ್‌ನ ಹೊಲದಲ್ಲಿ ಗಬ್ಬದ ಕುರಿಗಳು ಗಂಟಲು ಹರಿದು ಬಿದ್ದಿದ್ದವು. ನಮ್ಮ ನಾಯಿ ಬೇಲಿಯ ಹತ್ತಿರ ನಿಂತಿತ್ತು. ಡರ್ಮಟ್ ಅಲ್ಲೇ ಅದಕ್ಕೆ ಗುಂಡು ಹೊಡೆದ. ನಾಯಿಯ ಬಾಯಲ್ಲಿ ಉಣ್ಣೆ ಇತ್ತು ಎಂದು ಅವನು, ಇರಲಿಲ್ಲ ಎಂದು ಇವನು. ಅಷ್ಟಕ್ಕೇ ಇಪ್ಪತ್ತು ವರ್ಷ ಇಬ್ಬರೂ ಮಾತು ಬಿಟ್ಟರು. ಗಂಡಸರ ಜಗಳಕ್ಕೆ ಸುಂಕ ಕಟ್ಟಿದವರು ನಾನು ಮತ್ತು ಡರ್ಮಟ್‌ನ ಹೆಂಡತಿ ಊನಾ. ಶನಿವಾರ ಒಟ್ಟಿಗೆ ಬ್ರೆಡ್ ಸುಡುತ್ತಿದ್ದವರು ಚರ್ಚಿನ ಬಾಗಿಲಲ್ಲಿ ತಲೆಯಾಡಿಸುವಷ್ಟಕ್ಕೆ ಬಂದೆವು.

ಆಮೇಲೆ ಊನಾಗೆ ಎದೆಯಲ್ಲಿ ಗಡ್ಡೆಯಾಯಿತು. ಡರ್ಮಟ್ ಒಬ್ಬನೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಗಾಲ್ವೇ ಆಸ್ಪತ್ರೆಗೆ ಹೋಗಿ ಬರುತ್ತಿದ್ದ, ಚಳಿಗಾಲ ಪೂರ್ತಿ. ಅವಳು ಉಳಿಯಲಿಲ್ಲ. ಶತ್ರುವಿನ ಹೆಣ ಹೋದರೂ ಟೋಪಿ ತೆಗೆದು ನಿಲ್ಲುವ ಊರು ನಮ್ಮದು. ಊನಾಳ ಶವದ ಗಾಡಿ ನಮ್ಮ ರಸ್ತೆಯಲ್ಲಿ ಹೋಗುವಾಗ ಫಿಂಟನ್ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಎಂಜಿನ್ ನಿಲ್ಲಿಸಲಿಲ್ಲ. ಗಾಡಿಯ ಹಿಂದೆ ನಡೆಯುತ್ತಿದ್ದವರಲ್ಲಿ ನಾನೂ ಇದ್ದೆ. ಆ ಸದ್ದು ರಸ್ತೆಯ ತಿರುವಿನವರೆಗೂ ನಮ್ಮ ಜೊತೆ ಬಂತು. ಊರು ಅದನ್ನು ಮರೆಯಲಿಲ್ಲ. ಡರ್ಮಟ್ ಹೊಲವನ್ನು ಗೇಣಿಗೆ ಕೊಟ್ಟು, ಟ್ರ್ಯಾಕ್ಟರ್ ಮಾರಿ, ಬಾಗಿಲು ಹಾಕಿಕೊಂಡು ಕೂತ.

ಈ ವರ್ಷ ಜನವರಿಯಲ್ಲಿ ಫಿಂಟನ್‌ಗೆ ಆಲೂಗೆಡ್ಡೆ ನುಂಗಲು ಆಗಲಿಲ್ಲ. ಮೊದಲು ನನ್ನ ಅಡುಗೆಯನ್ನು ಬೈದ. ಆಮೇಲೆ ಹಾಲೂ ಇಳಿಯದಿದ್ದಾಗ ಸುಮ್ಮನಾದ. ಅನ್ನನಾಳದ ಕ್ಯಾನ್ಸರ್. ವಸಂತಕಾಲದಲ್ಲಿ ಹತ್ತಿರದ ಆಸ್ಪತ್ರೆಯಲ್ಲೇ ರಕ್ತನಾಳಕ್ಕೆ ಔಷಧಿ ಹಾಕುತ್ತೇವೆ, ಬೇಸಿಗೆಯಲ್ಲಿ ಗಾಲ್ವೇಗೆ ಬಂದು ವಿಕಿರಣದ ಚಿಕಿತ್ಸೆ ತೆಗೆದುಕೊಳ್ಳಬೇಕು, ವಾರದಲ್ಲಿ ಐದು ದಿನ ಎಂದರು. ನನಗೆ ಕಾರು ಓಡಿಸಲು ಬರುವುದಿಲ್ಲ. ಈ ಭಾಗದ ರೋಗಿಗಳನ್ನು ಪುಕ್ಕಟೆಯಾಗಿ ಗಾಲ್ವೇಗೆ ಕರೆದೊಯ್ಯುವ ಒಂದು ಸಣ್ಣ ಬಸ್ಸಿತ್ತು. ಅದೂ ಮುದಿಯಾಗಿ, ಫೆಬ್ರವರಿಯ ಆಲಿಕಲ್ಲಿನಲ್ಲಿ ರೋಗಿಗಳ ಸಮೇತ ದಾರಿ ಮಧ್ಯೆ ನಿಂತುಬಿಟ್ಟಿತು.

ಆಗ ಅಂಗಡಿಯ ಗೊರೆಟ್ಟಿ ಎದ್ದಳು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು, ನಿನಗೆ ಗೊತ್ತಲ್ಲ. ಹೊಸ ಬಸ್ಸು ಕೊಳ್ಳೋಣ ಎಂದು ಗಲ್ಲಾದ ಪಕ್ಕದಲ್ಲಿ ಒಂದು ಬಕೆಟ್ ಇಟ್ಟಳು. ಹೆಂಗಸರು ಚರ್ಚಿನ ಹಾಲ್‌ನಲ್ಲಿ ಚಹಾ, ಸ್ಕೋನ್ ಮಾರಿದೆವು. ಫುಟ್‌ಬಾಲ್ ಆಡುವ ಹುಡುಗರು ಬಸ್ಸಿಗಾಗಿ ತಲೆ ಬೋಳಿಸಿಕೊಂಡರು. ಕುರಿಯ ಉಣ್ಣೆ ಕತ್ತರಿಸುವ ಯಂತ್ರವನ್ನು ಗೊರೆಟ್ಟಿಯೇ ಹಿಡಿದಿದ್ದಳು. ಒಬ್ಬೊಬ್ಬನ ತಲೆಯೂ ಇಲಿ ಕಡಿದ ಹಾಗಾಯಿತು. ಎಷ್ಟೋ ವರ್ಷ ಒಬ್ಬರ ಮುಖ ಒಬ್ಬರು ನೋಡದವರು ಆ ಹಾಲ್‌ನಲ್ಲಿ ಪಕ್ಕಪಕ್ಕ ನಿಂತು ತಟ್ಟೆ ತೊಳೆದರು.

ಫಿಂಟನ್‌ಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. ಊರವರು ಬಕೆಟ್ಟಿಗೆ ಹಾಕಿದ ಕಾಸಿನಲ್ಲಿ ಆಸ್ಪತ್ರೆಗೆ ಹೋಗುವಷ್ಟು ಗತಿಗೆಟ್ಟಿಲ್ಲ ಎಂದು ಗೊರೆಟ್ಟಿಯ ಎದುರಿಗೇ ಹೇಳಿದ. ಅವಳು ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಳು.

“ನಿನ್ನೊಬ್ಬನಿಗಾಗಿ ಅಲ್ಲ ಫಿಂಟನ್, ಅಷ್ಟು ದೊಡ್ಡ ಮನುಷ್ಯ ನೀನಲ್ಲ,” ಎಂದಳು. “ನಾಳೆ ನಂಗೇ ಬರಬಹುದು. ಆಗ ನಿನ್ನ ಸೀಟಲ್ಲಿ ನಾನು ಕೂತ್ಕೋತೀನಿ. ಅಲ್ಲೀವರೆಗೂ ಬೆಚ್ಚಗೆ ಇಟ್ಟಿರು.”

ಮೇ ತಿಂಗಳ ಒಂದು ಭಾನುವಾರ ಟ್ರ್ಯಾಕ್ಟರ್ ಮೆರವಣಿಗೆ ಎಂದು ನಿಶ್ಚಯವಾಯಿತು. ಚರ್ಚಿನಲ್ಲಿ ಕೊನೆಯ ಪೂಜೆ ಮುಗಿದ ಮೇಲೆ ಸುತ್ತಲಿನ ಊರುಗಳ ಟ್ರ್ಯಾಕ್ಟರ್‌ಗಳೆಲ್ಲ ಸಾಲಾಗಿ ಊರು ಸುತ್ತುವುದು, ರಸ್ತೆ ಬದಿಯ ಜನ ಬಕೆಟ್ಟಿಗೆ ಕಾಸು ಹಾಕುವುದು. ಕ್ಯಾನ್ಸರ್‌ನಿಂದ ತಮ್ಮವರನ್ನು ಕಳೆದುಕೊಂಡವರು ಆ ಹೆಸರನ್ನು ರಟ್ಟಿನ ಮೇಲೆ ಬರೆದು ಟ್ರ್ಯಾಕ್ಟರ್‌ನ ಮುಂದೆ ಕಟ್ಟಬೇಕು.

ಹಿಂದಿನ ದಿನ ಸಂಜೆ ಯಾರೋ ನಮ್ಮ ಬಾಗಿಲು ತಟ್ಟಿದರು. ನಮ್ಮೂರಲ್ಲಿ ಬಾಗಿಲು ತಟ್ಟುವವರು ಪೊಲೀಸರು, ಇಲ್ಲವೇ ಮತ ಕೇಳುವವರು. ತೆರೆದರೆ ಡರ್ಮಟ್. ಇಪ್ಪತ್ತು ವರ್ಷದಲ್ಲಿ ನಮ್ಮ ಅಂಗಳ ತುಳಿಯದವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ದಾಟಿ ಒಲೆಯ ಹತ್ತಿರ ಕೂತಿದ್ದ ಫಿಂಟನ್‌ನನ್ನು ನೋಡಿದ.

“ನಿನ್ನ ಹತ್ರ ಟ್ರ್ಯಾಕ್ಟರ್ ಇದೆ, ಮೈಯಲ್ಲಿ ಕಸುವಿಲ್ಲ. ನನ್ನ ಮೈಯಲ್ಲಿ ಕಸುವಿದೆ, ಟ್ರ್ಯಾಕ್ಟರ್ ಇಲ್ಲ,” ಎಂದ. “ಗೊರೆಟ್ಟಿ ಕಳಿಸಿದ್ಲು.”

ಫಿಂಟನ್ ಬಾಗಿ ಒಲೆಗೆ ಒಂದು ಕಟ್ಟಿಗೆ ಹಾಕಿದ.

“ಅದರ ಕ್ಲಚ್ಚು ಬಲು ಹಠಮಾರಿ,” ಎಂದ ಕೊನೆಗೆ.

“ಈ ಮನೇಲಿ ಹಠ ಮಾಡ್ದೆ ಇರೋದು ಡಿಂಪ್ನಾ ಒಬ್ಬಳೇ,” ಎಂದ ಡರ್ಮಟ್. “ನಾಳೆ ಪೂಜೆ ಆದ್ಮೇಲೆ ಬರ್ತೀನಿ.”

ಮರುದಿನ ಬೆಳಿಗ್ಗೆ ಫಿಂಟನ್ ನನ್ನ ಹತ್ತಿರ ಒಂದು ರಟ್ಟು ಕೇಳಿದ. ಬಿಸ್ಕತ್ತಿನ ಡಬ್ಬದ ಮುಚ್ಚಳ ಹರಿದು ಕೊಟ್ಟೆ. ಅವನ ತಾಯಿಯೂ ಇದೇ ರೋಗದಲ್ಲಿ ಹೋದವರು, ಅವರ ಹೆಸರು ಬರೆಯುತ್ತಾನೆ ಎಂದುಕೊಂಡೆ. ಮೇಜಿನ ಮೇಲೆ ಮೊಳಕೈ ಊರಿ, ದೊಡ್ಡ ಅಕ್ಷರದಲ್ಲಿ ಬರೆದ. ಊನಾ. ನನ್ನ ಮುಖ ನೋಡದೆ, ಹೋಗಿ ಮುಂದೆ ಕಟ್ಟು ಎಂದ. ಕಟ್ಟಿದೆ. ದಾರದ ಗಂಟು ಹಾಕಲು ಕಣ್ಣು ಕಾಣುತ್ತಿರಲಿಲ್ಲ.

ಡರ್ಮಟ್ ಬಂದವನು ಅದನ್ನು ನೋಡಿದ. ಕೊಟ್ಟಿಗೆಯ ಹಿಂದಕ್ಕೆ ಹೋದ. ಮರಳಿ ಬಂದಾಗ ಕಣ್ಣು ಕೆಂಪಾಗಿತ್ತು. ತುಂಬಿಸಿಟ್ಟ ಡೀಸೆಲನ್ನೇ ಮತ್ತೆ ಮುಚ್ಚಳ ತೆಗೆದು ನೋಡಿದ, ಒರೆಸಿಟ್ಟ ಸೀಟನ್ನೇ ಮತ್ತೆ ಒರೆಸಿದ. ಆಮೇಲೆ ಫಿಂಟನ್‌ನನ್ನು ಎತ್ತಿ ಚಕ್ರದ ಮೇಲಿನ ತಗಡಿನ ಮೇಲೆ ಕೂರಿಸಿದ. ಹುಡುಗರಾಗಿದ್ದಾಗ ಇವರಿಬ್ಬರೂ ಹಾಗೇ ಕೂತು ಹೋಗುತ್ತಿದ್ದದ್ದು ನಿನಗೆ ನೆನಪಿದೆಯೇ? ನಾನು ಎರಡು ಕೋಟು, ಒಂದು ಕಂಬಳಿ ಹೊದಿಸಿದೆ.

“ಬಿದ್ರೆ ನಾನು ಜವಾಬ್ದಾರಿ ಅಲ್ಲ,” ಎಂದ ಡರ್ಮಟ್.

“ನೀನು ಯಾವತ್ತು ಯಾವುದಕ್ಕೆ ಜವಾಬ್ದಾರಿ ಆಗಿದ್ದೆ?” ಎಂದ ಫಿಂಟನ್.

ಇಪ್ಪತ್ತು ವರ್ಷದ ಮೇಲೆ ಅವರು ಆಡಿಕೊಂಡ ಮೊದಲ ಜಗಳ ಅದು. ಇಬ್ಬರಿಗೂ ಎಷ್ಟು ಹಿತವಾಗಿತ್ತೆಂದರೆ ನನಗೆ ನಗು ಬಂತು.

ಟ್ರ್ಯಾಕ್ಟರ್‌ಗಳ ಸಾಲು ಸೇತುವೆಯಿಂದ ಶಾಲೆಯವರೆಗೂ ಇತ್ತು. ನಾವು ಹೆಂಗಸರು ಬಕೆಟ್ ಹಿಡಿದು ಸ್ಮಶಾನದ ಗೇಟಿನ ಬಳಿ ನಿಂತಿದ್ದೆವು. ನಮ್ಮ ಹಳೆಯ ಕೆಂಪು ಟ್ರ್ಯಾಕ್ಟರ್ ಅಲ್ಲಿಗೆ ಬಂದಾಗ ಫಿಂಟನ್ ಬಾಗಿ ಡರ್ಮಟ್‌ನ ಕಿವಿಯಲ್ಲಿ ಏನೋ ಹೇಳಿದ. ಟ್ರ್ಯಾಕ್ಟರ್ ನಿಂತಿತು. ಡರ್ಮಟ್ ಎಂಜಿನ್ ಆರಿಸಿದ. ಹಿಂದಿನವನು ಯಾಕೆಂದು ನೋಡಿ ತನ್ನದನ್ನೂ ಆರಿಸಿದ, ಅವನ ಹಿಂದಿನವನೂ. ಹಾಗೆ ಒಂದೊಂದಾಗಿ ಶಾಲೆಯವರೆಗೂ ಸದ್ದು ನಿಂತುಹೋಯಿತು. ಗುಡ್ಡದ ಮೇಲಿನ ಕುರಿಮರಿಗಳ ಕೂಗು ಕೇಳಿಸುತ್ತಿತ್ತು. ಫಿಂಟನ್ ಟೋಪಿ ತೆಗೆದ. ಕೂದಲು ಉದುರಿದ ಅವನ ತಲೆಯನ್ನು ಊರು ನೋಡಿದ್ದು ಆವತ್ತೇ. ಊನಾ ಮಲಗಿದ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಡರ್ಮಟ್‌ನ ಬೆನ್ನಿಗೆ ಒಂದು ಗುದ್ದು ಕೊಟ್ಟ, ನಡಿ ಎನ್ನುವ ಹಾಗೆ. ಗೊರೆಟ್ಟಿ ನನ್ನ ಕೈ ಹಿಡಿದುಕೊಂಡವಳು ಮೆರವಣಿಗೆ ಮುಗಿಯುವವರೆಗೂ ಬಿಡಲಿಲ್ಲ.

ಬಸ್ಸಿಗೆ ಬೇಕಾದಷ್ಟು ಕೂಡಿತು. ರಾತ್ರಿ ಬಂದು ರೋಗಿಯ ಪಕ್ಕ ಕೂರುವ ನರ್ಸಿಗೆ ಕೊಡಲೂ ಸ್ವಲ್ಪ ಉಳಿಯಿತು. ಜೂನ್‌ನಲ್ಲಿ ಬಿಳಿ ಬಸ್ಸು ಬಂತು. ಓಡಿಸುವವರು ಬೇಕೆಂದಾಗ ಮೊದಲು ಕೈಯೆತ್ತಿದವನು ಡರ್ಮಟ್. ಆ ದಾರಿಯ ಒಂದೊಂದು ಗುಂಡಿಯೂ ತನಗೆ ಗೊತ್ತು ಎಂದನಂತೆ.

ಬೇಸಿಗೆ ಹಾಗೆ ಹೋಯಿತು ಐಲಿಶ್. ಬೆಳಿಗ್ಗೆ ಬಸ್ಸು ನಮ್ಮ ಗೇಟಿಗೆ ಬರುವುದು, ಸಂಜೆ ತಂದು ಬಿಡುವುದು. ಸೀಟುಗಳೆಲ್ಲ ರೋಗಿಗಳಿಗೇ, ನಾನು ಮನೆಯಲ್ಲಿ ದನಕರು ನೋಡಿಕೊಂಡಿದ್ದೆ. ಬಸ್ಸಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ಪಕ್ಕದೂರಿನ ಎಳೆಮಕ್ಕಳ ತಾಯಿಯೊಬ್ಬಳು, ಇನ್ನೂ ಯಾರುಯಾರೋ. ಅವರೆಲ್ಲ ಒಂದೇ ಮನೆಯವರ ಹಾಗೆ ಆಗಿಹೋದರು. ಒಬ್ಬರಿಗೆ ವಾಂತಿಯಾದರೆ ಇನ್ನೊಬ್ಬರು ಬಟ್ಟಲು ಹಿಡಿಯುವುದು, ಒಬ್ಬರ ವರದಿ ಚೆನ್ನಾಗಿ ಬಂದರೆ ಎಲ್ಲರಿಗೂ ಐಸ್‌ಕ್ರೀಮ್. ಫಿಂಟನ್ ಬಸ್ಸಿನಲ್ಲಿ ಹಾಡಿದನಂತೆ. ನಮ್ಮ ಮದುವೆಯಲ್ಲೂ ಬಾಯಿ ಬಿಡದವನು! ಒಂದು ದಿನ, ಎಲ್ಲರೂ ಕೇಳುವಂತೆ, ನಾಯಿಯ ಬಾಯಲ್ಲಿ ಉಣ್ಣೆ ಇತ್ತು ಎಂದು ಒಪ್ಪಿಕೊಂಡನಂತೆ. ಡರ್ಮಟ್ ಬಸ್ಸು ಬದಿಗೆ ನಿಲ್ಲಿಸಿ, ನಾನು ಅವತ್ತು ಸರಿಯಾಗಿ ನೋಡೇ ಇರಲಿಲ್ಲ ಕಣೋ ಎಂದನಂತೆ. ಮೇಷ್ಟ್ರು ನನಗೆ ಇದನ್ನು ಹೇಳುವಾಗ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಸಂಜೆ ಗೇಟಿನ ಬಳಿ ಬಸ್ಸು ನಿಂತಾಗ ಫಿಂಟನ್‌ನ ನಗು ನನಗೆ ಕೊಟ್ಟಿಗೆಯವರೆಗೂ ಕೇಳಿಸುತ್ತಿತ್ತು. ಒಳಗೆ ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಇವತ್ತು ಏನು ಮಾತಾಡಿದಿರಿ ಎಂದು ಕೇಳಿದರೆ, ಏನಿಲ್ಲ, ಹಾಗೇ ಸುಮ್ನೆ, ಎನ್ನುತ್ತಿದ್ದ. ದಣಿದಿದ್ದಾನೆ ಎಂದುಕೊಂಡು ನಾನು ದೀಪ ಸಣ್ಣಗೆ ಮಾಡುತ್ತಿದ್ದೆ.

ಆಗಸ್ಟ್‌ನಲ್ಲಿ ಯಕೃತ್ತಿಗೂ ಹರಡಿದೆ, ಇನ್ನು ಬರುವುದು ಬೇಡ ಎಂದರು. ಆಮೇಲೂ ಡರ್ಮಟ್ ದಿನಾ ಬಂದ. ಫಿಂಟನ್‌ಗೆ ಗಡ್ಡ ಹೆರೆದ, ಕಾಲುಗುರು ಕತ್ತರಿಸಿದ, ಹಾಸಿಗೆಯಲ್ಲಿ ಮಗ್ಗುಲು ತಿರುಗಿಸಿದ. ಸೆಪ್ಟೆಂಬರ್ ಕೊನೆಯಲ್ಲಿ, ಬಿಸಿಲು ಬಿದ್ದ ಒಂದು ಬೆಳಿಗ್ಗೆ, ಫಿಂಟನ್ ಹೋದ. ಅದಕ್ಕೆ ಮುಂಚೆ ನನ್ನೊಡನೆ ಕೊನೆಯದಾಗಿ ಆಡಿದ ಮಾತು, “ಕರುಗಳಿಗೆ ಹಾಕಿದ್ಯಾ?” ಎಂದು. ಹಾಕಿದೆ ಎಂದೆ. ಅಷ್ಟೇ.

ಗುಂಡಿ ತೋಡಿದವರು ಡರ್ಮಟ್ ಮತ್ತು ಆ ಬೋಳುತಲೆಯ ಹುಡುಗರು. ಅಷ್ಟರಲ್ಲಿ ಅವರಿಗೆ ಕೂದಲು ಬಂದಿತ್ತು. ಗೊರೆಟ್ಟಿ ಅಂಗಡಿ ಮುಚ್ಚಿ ಬಂದು ನನ್ನ ಅಡುಗೆಮನೆಯನ್ನು ವಶ ಮಾಡಿಕೊಂಡಳು. ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸಿನವರೆಲ್ಲ ಬಸ್ಸಿನಲ್ಲೇ ಬಂದರು. ಡರ್ಮಟ್ ಯಾರನ್ನೂ ಕೇಳದೆ ಪೆಟ್ಟಿಗೆಯ ಮುಂಭಾಗಕ್ಕೆ ಹೋಗಿ ಹೆಗಲು ಕೊಟ್ಟ. ಯಾರೂ ಅವನನ್ನು ತಡೆಯಲಿಲ್ಲ.

ಈಗ ನಾನು ವಾರದ ದಿನಗಳಲ್ಲಿ ಬಸ್ಸಿನವರಿಗೆ ಬ್ರೆಡ್ ಸುಟ್ಟು ಕಳಿಸುತ್ತೇನೆ. ಊನಾ ಹೇಳಿಕೊಟ್ಟ ಹಾಗೆ ಸ್ವಲ್ಪ ಕಾಕಂಬಿ ಹಾಕಿ. ಆ ಎಳೆಮಕ್ಕಳ ತಾಯಿ ಗುಣವಾಗುತ್ತಿದ್ದಾಳೆ. ಮೇಷ್ಟ್ರು ಗುಣವಾಗುತ್ತಿಲ್ಲ.

ಕೈ ಸೋತಿತು, ನಿಲ್ಲಿಸುತ್ತೇನೆ. ನಿನ್ನ ಸೊಂಟ ಬೇಗ ಕೂಡಲಿ. ನಿನಗೂ ನಿನ್ನ ಮಗಳಿಗೂ ಆ ಪುಟ್ಟ ಮೊಮ್ಮಕ್ಕಳಿಗೂ ದೇವರು ನೂರು ಕಾಲ ಬೆಚ್ಚಗಿನ ಒಲೆ, ತುಂಬಿದ ಮೇಜು ಕೊಡಲಿ. ಅಪ್ಪ ಅಮ್ಮನ ಗೋರಿಗೆ ನಿನ್ನ ಹೆಸರಿನಲ್ಲೂ ಹೂವಿಟ್ಟಿದ್ದೇನೆ.

ನಿನ್ನ ಅಕ್ಕ,
ಡಿಂಪ್ನಾ

ಮ. ವಿ.: ಮರೆತದ್ದು ನೆನಪಾಗಿ ಬರೆಯುತ್ತಿಲ್ಲ ಐಲಿಶ್. ಇದನ್ನು ಬರೆಯಲಾರದೆ ಅದನ್ನೆಲ್ಲ ಬರೆದೆ.

ನನ್ನ ಮಗುವಿನ ವಿಷಯ. ಎಪ್ಪತ್ತೊಂಬತ್ತರಲ್ಲಿ ಹುಟ್ಟುವಾಗಲೇ ಉಸಿರಿಲ್ಲದ ಆ ಹೆಣ್ಣು ಕೂಸು. ಆಗ ನನ್ನ ಪಕ್ಕದಲ್ಲಿ ಇದ್ದವಳು ನೀನೊಬ್ಬಳೇ. ದೀಕ್ಷಾಸ್ನಾನ ಆಗದ ಮಗುವಿಗೆ ಚರ್ಚಿನ ನೆಲದಲ್ಲಿ ಜಾಗವಿಲ್ಲ ಎಂದರು. ನಾನು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಫಿಂಟನ್ ಅವಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಅವನು ಮರೆತಿದ್ದಾನೆ, ನೆನಪಿಸಿ ನೋಯಿಸುವುದೇಕೆ ಎಂದು ನಾನು ಸುಮ್ಮನಿದ್ದೆ.

ಕಳೆದ ಭಾನುವಾರ ಡರ್ಮಟ್ ಬಂದು, ಒಂದು ಜಾಗ ತೋರಿಸಬೇಕು ಎಂದ. ಗಾಲ್ವೇ ದಾರಿಯಲ್ಲಿ, ಕೆರೆಯ ಪಕ್ಕ, ಹಿಂದಿನ ಕಾಲದವರು ಇಂಥ ಕೂಸುಗಳನ್ನು ಹೂಳುತ್ತಿದ್ದ ದಿಬ್ಬ. ಜುಲೈಯಲ್ಲಿ ಒಂದು ಸಂಜೆ ಫಿಂಟನ್ ಅಲ್ಲಿ ಬಸ್ಸು ನಿಲ್ಲಿಸಲು ಹೇಳಿದನಂತೆ. ಇಷ್ಟು ವರ್ಷ ಆ ದಾರಿಯಲ್ಲಿ ಸಂತೆಗೆ ಹೋದಾಗಲೆಲ್ಲ ಇಳಿದು ನಿಂತು ಬರುತ್ತಿದ್ದನಂತೆ. ಅವತ್ತು ಎಲ್ಲರಿಗೂ ಹೇಳಿದ. ಬಸ್ಸಿನಲ್ಲಿದ್ದವರೆಲ್ಲ, ನಡೆಯಲಾಗದ ಮೇಷ್ಟ್ರು ಕೂಡ, ಇಳಿದು ಬಂದು ಒಟ್ಟಿಗೆ ನಿಂತು ಪ್ರಾರ್ಥನೆ ಹೇಳಿದರು. ನನ್ನ ಮಗುವಿಗೆ. ನಾನು ಆ ಹೊತ್ತಿಗೆ ಕೊಟ್ಟಿಗೆಯಲ್ಲಿದ್ದೆ.

ಅವಳಿಗೆ ಅವನು ಹೆಸರಿಟ್ಟಿದ್ದ. ಇಟಾ. ಅವನ ಕಡೆ ಯಾರಿಗೂ ಆ ಹೆಸರಿಲ್ಲ. ಎಲ್ಲಿಂದ ತಂದ, ಯಾಕೆ ಇಟ್ಟ, ಇನ್ನು ಯಾರನ್ನು ಕೇಳಲಿ?

ಅಲ್ಲಿ ಒಂದು ಕಲ್ಲು ನಿಲ್ಲಿಸೋಣ, ಯಾವ ಹೆಸರು ಕೆತ್ತಿಸಲಿ ಎಂದು ಡರ್ಮಟ್ ಕೇಳಿದ. ಫಿಂಟನ್ ಹೇಳಿದ್ದನ್ನೇ ಕೆತ್ತಿಸು ಎಂದೆ. ಅವನಾದರೂ ಅದನ್ನು ಬಾಯಿ ಬಿಟ್ಟು ಹೇಳಿದ್ದ. ನಾನು ನಲವತ್ತೈದು ವರ್ಷ ಮನಸ್ಸಿನಲ್ಲಿ ಕರೆದ ಹೆಸರನ್ನು ಯಾರಿಗೂ ಹೇಳಿಲ್ಲ, ಅವನಿಗೂ ಹೇಳಲಿಲ್ಲ. ನಿನಗೆ ಹೇಳುತ್ತೇನೆ, ಓದಿ ಒಂದು ಸಲ ಜೋರಾಗಿ ಹೇಳು. ಸಬೀನಾ. ನಮ್ಮ ಅಮ್ಮನ ಹೆಸರು.